ಹಮೀದನ ಕಾಲು ಮತ್ತು ನನ್ನ ಟೈಪಿಂಗ್

ಇವತ್ತು ಬೆಳಿಗ್ಗೆ ನಮ್ಮ ಪೆಥಾಲಜಿ ವಿಭಾಗಕ್ಕೆ ಹೊಸದಾಗಿ ಬಂದ ಮಂಗಳೂರಿನ ಡಾಕ್ಟರಮ್ಮ ನನ್ನ ಕಂಪ್ಯೂಟರಿನತ್ತ ಬಗ್ಗಿ, "ವರದಿಯ ಆ ಖಾಲಿ ಖಾನೆಗೆ ನಾಟ್ ಅಪ್ಲಿಕಬಲ್ ಅಂತ ಹಾಕಿಬಿಡಿ" ಎಂದರು. ರಿಯಾದಿನ ಆಸ್ಪತ್ರೆಯಲ್ಲಿ ವರದಿ ಟೈಪು ಮಾಡುತ್ತ ತಲೆ ನರೆತ ನನಗೆ ಆ ಮಾತು ಕೇಳಿದರೆ ಏಸಿಯಲ್ಲೂ ಬೆವರುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಕೆಲವು ವರ್ಷಗಳ ಹಿಂದೆ ಇಲ್ಲಿ ಕುಂದಾಪುರದ ಪೈ ಡಾಕ್ಟರಿದ್ದರು. ಸ್ನಾಯು, ಕೊಬ್ಬುಗಳಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್ ಗಡ್ಡೆಗಳೆಲ್ಲ ಪರೀಕ್ಷೆಗೆ ಅವರ ಬಳಿಗೇ ಬರುತ್ತಿದ್ದವು. ಅವರ ವರದಿ ಓದಲು ಬಲು ಸೊಗಸು. ಒಮ್ಮೆ "ಖರ್ಜೂರದಷ್ಟು ಗಡ್ಡೆ" ಎಂದು ಬರೆದಾಗ, ಯಾವ ಜಾತಿಯ ಖರ್ಜೂರ ಎಂದು ಸರ್ಜನ್ ಫೋನ್ ಮಾಡಿ ಕೇಳಬೇಕಾಯಿತು. ಪೈಗಳು ನಕ್ಕು, ಅಳೆಯಲು ನನ್ನ ಸ್ಕೇಲು ಒಯ್ದರು. ಅದನ್ನು ಕೊನೆಗೂ ಮರಳಿಸಲಿಲ್ಲ.

ಅಷ್ಟರಲ್ಲಿ, ಇಂಥ ಗಡ್ಡೆಗಳ ವರದಿಯನ್ನು ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಬರೆಯಬೇಕೆಂದು ಫಾರಂ ಬಂತು. ಗಾತ್ರ, ದರ್ಜೆ, ಗಡ್ಡೆಯಿಂದ ಕತ್ತರಿಸಿದ ಅಂಚಿಗಿರುವ ದೂರ, ಹೀಗೆ ಒಂದೊಂದಕ್ಕೂ ಒಂದೊಂದು ಖಾನೆ. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದೆ ಹೋಗದು.

"ಇದೆಂತ ಮಾರಾಯ, ಇಕಾಮಾ ಅರ್ಜಿಯಾ?" ಎಂದು ಇಲ್ಲಿನ ವಾಸದ ಪರವಾನಗಿಯನ್ನು ನೆನೆದ ಪೈಗಳು ಮೊದಲಿನಂತೆಯೇ ಪುಟಗಟ್ಟಲೆ ಬರೆದು ನನ್ನ ಮೇಜಿಗೆ ಹಾಕಿದರು. ಅದನ್ನು ಬಿಡಿಸಿ ಖಾನೆಗಳಿಗೆ ಹಂಚುವ ಕೆಲಸ ನನ್ನದಾಯಿತು. ಅವರು ಬರೆಯದೆ ಬಿಟ್ಟದ್ದಕ್ಕೆಲ್ಲ ನಾನು 'ನಾಟ್ ಅಪ್ಲಿಕಬಲ್' ಎಂದು ಹೊಡೆಯುತ್ತಿದ್ದೆ, ಅವರು ಓದದೆ ಸಹಿ ಹಾಕುತ್ತಿದ್ದರು. ಮೇಲಿನವರು ನನ್ನ ವೇಗವನ್ನು ಹೊಗಳಿದಾಗ ಊರಿಗೆ ಫೋನ್ ಮಾಡಿ ಹೇಳಿಕೊಂಡ ಮಹಾಶಯ ನಾನು!

ಆಗ ಬಂದದ್ದು ಹಮೀದನ ವರದಿ. ಬಂಟ್ವಾಳದ ಹಮೀದ್ ನಮ್ಮ ಸಿಬ್ಬಂದಿ ಬಸ್ಸಿನ ಡ್ರೈವರ್. ಬಲತೊಡೆಯ ಗಡ್ಡೆ ತೆಗೆಸಿಕೊಂಡು, ಇನ್ನೂ ಕತ್ತರಿಸಬೇಕೋ ಏನೋ ಎಂದು ಕಾಯುತ್ತಿದ್ದ. "ಕಾಲು ಹೋದ್ರೆ ಲೈಸನ್ಸೂ ಹೋಯ್ತು, ನಾನೂ ಊರಿಗೆ ಹೋದೆ" ಎಂದು ನನ್ನೆದುರು ನಗಾಡಿದ್ದ. ವರದಿ ಹೋದ ಮರುದಿನವೇ ಸರ್ಜನ್ ಫೋನ್ ಮಾಡಿದರು: "ಅಂಚಿನ ದೂರ ನಾಟ್ ಅಪ್ಲಿಕಬಲ್ ಅಂದರೇನು? ನಾನು ಕತ್ತರಿಸಿದ್ದಕ್ಕೆ ಅಂಚೇ ಇಲ್ಲವೇ?"

ಪೈಗಳು ಹಮೀದನ ಸ್ಲೈಡು ತೆಗೆದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಗಡ್ಡೆಯಿಂದ ಆಳದ ಅಂಚಿಗೆ ಬರೀ ಒಂದು ಮಿಲಿಮೀಟರ್; ಅದರ ಬೇರು ಒಳಗೇ ಉಳಿದಿರಬಹುದು. ಇನ್ನೊಂದು ಆಪರೇಷನ್ ಆಗಲೇಬೇಕಿತ್ತು; ಅದು ತಪ್ಪಿ ಗಡ್ಡೆ ಮರಳಿದ್ದರೆ ಕಾಲೇ ಹೋಗುವ ಸಂಭವವಿತ್ತು.

"ನಾನು ಬರೀಲಿಲ್ಲ, ನೀನು ಕೇಳ್ಲಿಲ್ಲ" ಎಂದರು ಪೈಗಳು. ಅಷ್ಟೇ. ತಿದ್ದಿದ ವರದಿ ಅಂದೇ ಹೋಯಿತು. ಆ ವಾರವೆಲ್ಲ ಇಬ್ಬರೂ ಕೂತು, ನಾನು ಹಾಗೆ ಹೊಡೆದಿದ್ದ ವರದಿಗಳನ್ನೆಲ್ಲ ಹುಡುಕಿ ಸರಿಪಡಿಸಿದೆವು.

ಎರಡನೇ ಆಪರೇಷನ್ ಆಗಿ ಹಮೀದನ ಕಾಲು ಉಳಿಯಿತು. "ನೀವು ಬೇಗ ಟೈಪ್ ಮಾಡಿ ಕೊಟ್ಟದ್ದಕ್ಕೆ ಬಚಾವಾದೆ" ಎಂದು, ನಡೆದದ್ದೊಂದೂ ತಿಳಿಯದ ಅವನು ಬಸ್ಸಿನ ಮುಂದಿನ ಸೀಟನ್ನು ನನಗೇ ಕಾದಿರಿಸತೊಡಗಿದ. ನಾಚಿಕೆಯಿಲ್ಲದೆ ನಾನೂ ಕೂರುತ್ತಿದ್ದೆ.

ಇವತ್ತು ಡಾಕ್ಟರಮ್ಮನನ್ನು ಮೈಕ್ರೋಸ್ಕೋಪಿಗೆ ವಾಪಸು ಕಳಿಸಿದೆ. ಸಂಜೆ ಬಸ್ ಹತ್ತಿದವನೇ ಹಮೀದನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವನು ತಿರುಗಿಸಲಿದ್ದ ಕೀಲಿಯನ್ನು ಬಿಟ್ಟು ನನ್ನತ್ತ ತಿರುಗಿದ.

"ಬೇರೆಯವರ ರಿಪೋರ್ಟು?"

"ಎಲ್ಲ ತೆಗೆದು ಸರಿ ಮಾಡಿದ್ದೇವೆ."

"ಹಾಗಾದ್ರೆ ಕೂತ್ಕೊಳ್ಳಿ. ಯಲ್ಲಾ, ಹೊರಡುವ."

ಬಲಗಾಲು ಆಕ್ಸಿಲರೇಟರ್ ಒತ್ತಿತು. ಇಷ್ಟು ವರ್ಷ ಆ ಸೀಟಿನಲ್ಲಿ ಕೂತು ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಇವತ್ತು ಮನೆ ಬರುವವರೆಗೂ ಆ ಕಾಲನ್ನು ನೋಡಿದೆ.