ಬಿಡೋದು ಬ್ಯಾರೆ, ಬಿಡಿಸೋದು ಬ್ಯಾರೆ

ಮೊನ್ನೆ ರಾಣೆಬೆನ್ನೂರಿನ ಈ ಮನೆಯ ಅಟ್ಟ ಸ್ವಚ್ಛ ಮಾಡುವಾಗ ಮೊಮ್ಮಕ್ಕಳಾದ ನಿಮ್ಮಲ್ಲಿ ದೊಡ್ಡವಳ ಕೈಗೆ ಒಂದು ಸಣ್ಣ ಗಾಜಿನ ಬಾಟಲಿ ಸಿಕ್ಕಿತು. ಬಾಯಿಗೆ ಬಟ್ಟೆ ತುರುಕಿತ್ತು. ತೆಗೆದು ಮೂಸಿದವಳೇ ಮೂಗು ಮುಚ್ಚಿಕೊಂಡು, "ಆಯಿ, ಇದನ್ನ ಒಗದು ಬರ್ಲೇನು?" ಅಂದಳು. ಔಡಲೆಣ್ಣೆ. ತಳದಲ್ಲಿ ಸ್ವಲ್ಪ ಉಳಿದು ಅಂಟಾಗಿತ್ತು. ಅವಳಿಗೆ ಬರೀ ಎಣ್ಣೆಯ ವಾಸನೆ ಬಂದಿರಬೇಕು. ನನಗೆ ಅದರೊಳಗೆ ಬ್ಯಾಡಗಿಯ ಒಣಮೆಣಸಿನಕಾಯಿಯ ಘಾಟೂ ಬಂತು… ಬಾಟಲಿ ಕಸಿದುಕೊಂಡೆ. ಆಯಿ ಯಾಕೆ ಹಾಗೆ ಸಿಡುಕಿದಳು ಎಂದು ನೀವು ಮುಖ ಮುಖ ನೋಡಿಕೊಂಡಿರಿ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಕರ್ಜಗಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರವಿದೆ, ಬರೆಯುತ್ತೇನೆ.

ಆಗ ನಾವು ಬ್ಯಾಡಗಿಯಲ್ಲಿದ್ದೆವು. ನಿಮ್ಮಜ್ಜ ತೀರಿಕೊಂಡು ಆರು ತಿಂಗಳಾಗಿತ್ತು. ನಿಮ್ಮ ತಾಯಿ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಮನೆಯ ಹಿರಿಯರೆಂದರೆ ನಿಮ್ಮಜ್ಜನ ಅಣ್ಣ, ನನಗೆ ಭಾವನವರು. ಅವರೆದುರು ನಿಂತು ನಾನು ಒಂದು ಮಾತೂ ಆಡಿದವಳಲ್ಲ. ಬಾಗಿಲ ಮರೆಯಿಂದ "ಹೂಂ" ಅಂದರೆ ಅದೇ ದೊಡ್ಡದು.

ಹಿತ್ತಲಿನ ಗೋಡೆಯಾಚೆ ಒಬ್ಬಾಕೆ ಇದ್ದಳು. ನಾನು ಹಿತ್ತಲಕ್ಕ ಅನ್ನುತ್ತಿದ್ದೆ. ದಿನಾ ಮೆಣಸಿನಕಾಯಿಯ ತುಂಬು ಬಿಡಿಸಲು, ಅಂದರೆ ತೊಟ್ಟು ತೆಗೆಯಲು ಹೋಗುತ್ತಿದ್ದಳು. ಸಂಜೆ ಬಂದವಳೇ ಕಟ್ಟೆಯ ಮೇಲೆ ಕುಳಿತು ಕೈಗೆ ಔಡಲೆಣ್ಣೆ ತಿಕ್ಕುವಳು. ಖಾರದ ಆ ಉರಿ ಪೂರ್ತಿ ಆರಿದ್ದನ್ನು ನಾನು ಕಾಣೆ.

ನಿಮ್ಮಜ್ಜ ರೊಟ್ಟಿ ಹಾಕುತ್ತಿದ್ದ ಓಣಿಯ ಕಂದು ನಾಯಿ ಆ ವರ್ಷ ನಮ್ಮ ಹಿತ್ತಲಲ್ಲಿ, ಕಟ್ಟಿಗೆ ಒಟ್ಟಿದ್ದ ಸಂದಿಯಲ್ಲಿ ಐದು ಮರಿ ಹಾಕಿತು. "ಮನುಷ್ಯಾರ ಬಾಣಂತನಕ್ಕ ಮಂದಿ ಸಿಗಂಗಿಲ್ಲ, ನಾಯಿ ಬಾಣಂತನ ಹಚ್ಚೀರೇನು?" ಎಂದು ಭಾವನವರು ರೇಗಿದರೂ ಅಷ್ಟಕ್ಕೇ ಬಿಟ್ಟರು. ತಿಂಗಳಾಗುವಷ್ಟರಲ್ಲಿ ಮರಿಗಳಿಗೆ ಸೂಜಿಯಂಥ ಹಲ್ಲು ಬಂದವು. ಹಾಲಿಗೆ ಬಂದರೆ ತಾಯಿ ಗುರ್ ಎಂದು ಎದ್ದು ಹೋಗತೊಡಗಿತು. ಮರಿಗಳು ದಿನವಿಡೀ ಕುಂಯ್ಗುಟ್ಟಿದವು.

"ಹಡದಾಕೀನ ಬಿಟ್ಟಾಳ," ಅಂದರು ಭಾವನವರು. "ಸೋಮವಾರ ಚೀಲದಾಗ ತುಂಬಿ ಹಳ್ಳದ ಆಚಿ ಬಿಟ್ಟು ಬರತೇನಿ."

ಗೋಡೆಯಾಚೆಯಿಂದ ಹಿತ್ತಲಕ್ಕನ ದನಿ ಬಂತು. "ಆಕಿ ಬಿಟ್ಟಿಲ್ರಿ ಸಾವ್ಕಾರ್ರ, ಬಿಡಸಾಕತ್ತಾಳ. ಬಿಡೋದು ಬ್ಯಾರೆ, ಬಿಡಿಸೋದು ಬ್ಯಾರೆ. ತುಂಬು ಎಳದು ಹರದ್ರ ಕಾಯಿ ಬಾಯಿ ತಗದು ಬೀಜ ಚೆಲ್ಲತಾವ. ಹಗುರಕ ತಿರುವಿ ಬಿಡಸಬೇಕು. ಹಾಲು ಬಿಡಿಸೋದೂ ಹಂಗರಿ."

"ನಾಯಿಗೂ ಮೆಣಸಿನಕಾಯಿಗೂ ಏನ ಸಂಬಂಧ?"

"ತಪ್ಪ ಹಿಡದ್ರ ಎರಡೂ ಸುಮ್ನ ಬಿಡಂಗಿಲ್ರಿ!"

ಸೋಮವಾರಕ್ಕೆ ನಾಲ್ಕು ದಿನ ಉಳಿದಿದ್ದವು. ಅಷ್ಟರಲ್ಲಿ ಮರಿಗಳು ತಾಟಿನಿಂದ ತಿನ್ನಲು ಕಲಿತರೆ ಯಾರಾದರೂ ಒಯ್ಯುತ್ತಾರೆ, ಕಲಿಯದಿದ್ದರೆ ಹಳ್ಳದಾಚೆ ಎರಡು ದಿನವೂ ಬದುಕುವುದಿಲ್ಲ. ಅಂದೇ ಹಿತ್ತಲಕ್ಕ ಕೆಲಸದಿಂದ ನೆಟ್ಟಗೆ ನಮ್ಮ ಹಿತ್ತಲಿಗೆ ಬಂದಳು. ಮೆತ್ತಗೆ ಬೇಯಿಸಿದ ಅನ್ನ ಕಿವುಚಿ, ನೀರುಹಾಲು ಬೆರೆಸಿದೆವು. ಅವಳು ಎರಡು ಸಲ ಕೈ ತೊಳೆದು, ಬೆರಳು ಅದ್ದಿ ಕರಿಮರಿಯ ಬಾಯಿಗಿಟ್ಟಳು. ಮರಿ ಕಿರುಚಿಕೊಂಡು ಹಿಂದಕ್ಕೆ ಬಿತ್ತು. ಮಣ್ಣಿಗೆ ಬಾಯಿ ಉಜ್ಜಿತು. ಉಳಿದ ನಾಲ್ಕೂ ಕಟ್ಟಿಗೆಯ ಸಂದಿಗೆ ಓಡಿದವು.

ಅವಳು ತನ್ನ ಬೆರಳನ್ನೇ ನೋಡುತ್ತ ಕುಳಿತಳು. ಆಮೇಲೆ ನಕ್ಕಳು. "ನನ್ನ ಮಕ್ಕಳಿಗೆ ನಾ ಬೇವು ಅರದು ಹಚ್ಚಲಿಲ್ಲ ತಂಗೀ. ಮೆಣಸಿನಕಾಯಿ ದಗದದಿಂದ ಬಂದು ಮುಟ್ಟಿದ್ರ ಸಾಕಿತ್ತು, ತಾವ ಹಾಲು ಬಿಟ್ಟುವು." ನಗು ನಿಂತಿತು. "ಈ ಕೈ ಬ್ಯಾಡ. ನಿನ್ನ ಕೈ ಕೊಡು."

ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ. ಅದಕ್ಕೂ ಒಂದು ಕಾರಣವಿತ್ತು. ಹಿಂದಿನ ವಾರ ಮನೆಯಲ್ಲಿ ಉಡಿ ತುಂಬುವಾಗ ನಾನು ಅಕ್ಕಿಯ ತಾಟು ಮುಟ್ಟಲು ಹೋಗಿದ್ದೆ. ಯಾರೋ ಆ ತಾಟನ್ನು ಮೆಲ್ಲಗೆ ಆಚೆ ಸರಿಸಿದ್ದರು. ಗಂಡ ಸತ್ತವಳ ಕೈಯಲ್ಲವೇ… ಹಿತ್ತಲಕ್ಕನಿಗೆ ಅದು ಗೊತ್ತಿತ್ತು.

"ಇಡೀ ಊರಾಗ ಉರಿ ಇಲ್ಲದ ಕೈ ನಿಂದೊಂದ ಐತಿ," ಅಂದಳು. "ಅದನ್ನ ಮುಚ್ಚಿಟ್ಟು ಏನ ಮಾಡತೀ?"

ಕೈ ಚಾಚಿದೆ. ಕರಿಮರಿ ಅಂದು ನನ್ನ ಹತ್ತಿರವೂ ಬರಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ಬಂದು ಬೆರಳು ನೆಕ್ಕಿತು. ಬೆರಳನ್ನು ಸ್ವಲ್ಪ ಸ್ವಲ್ಪವೇ ಕೆಳಗಿಳಿಸುತ್ತ ತಾಟಿನವರೆಗೆ ಒಯ್ಯಬೇಕು. ಅವಸರ ಮಾಡಿದರೆ ಮೂಗಿಗೆ ಹಾಲು ಹೋಗಿ ಸೀನುತ್ತಿದ್ದವು, ಹೆದರಿ ಮತ್ತೆ ಮೊದಲಿನಿಂದ. ಹಿತ್ತಲಕ್ಕ ದೂರ ಕುಳಿತು, "ಹಗುರಕ… ತಿರುವಿ ತಿರುವಿ…" ಅನ್ನುವಳು. ಭಾನುವಾರದ ಹೊತ್ತಿಗೆ ಮೂರು ಕಲಿತಿದ್ದವು. ಕರಿಮರಿಯೂ ಅದರ ತಂಗಿಯೂ ನನ್ನ ಬೆರಳು ಬಿಡುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಭಾವನವರು ಚೀಲ ಹಿಡಿದು ಹಿತ್ತಲಿಗೆ ಬಂದರು. ಹಿತ್ತಲಕ್ಕ ಕೆಲಸಕ್ಕೆ ಹೋಗಿಯಾಗಿತ್ತು. ಮರೆಗೆ ಬಾಗಿಲೂ ಇರಲಿಲ್ಲ, ಮರಿಗಳಿಗೂ ಅವರಿಗೂ ನಡುವೆ ನಾನೊಬ್ಬಳೇ.

"ಆಚಿ ಸರಿಯವಾ," ಅಂದರು.

"ಬಿಡಂಗಿಲ್ರಿ." ಅದು ನನ್ನದೇ ದನಿಯೋ ಎಂದು ನನಗೇ ಅನುಮಾನ.

"ಏನಂದಿ?" ಎನ್ನುತ್ತ ಚೀಲ ಝಾಡಿಸಿದರು. ಅದು ಮೆಣಸಿನಕಾಯಿಯ ಚೀಲ. ಕೆಂಪು ಧೂಳು ಎದ್ದು ಅವರು ಒಂದರ ಮೇಲೊಂದು ಸೀನಿದರು. ಅಷ್ಟರಲ್ಲಿ ನಾನು ಚೀಲವನ್ನು ಅವರ ಕೈಯಿಂದ ತೆಗೆದುಕೊಂಡು, ಮಡಚಿ, ಅದರ ಮೇಲೆ ಕುಳಿತುಬಿಟ್ಟೆ.

"ಇನ್ನಾ ಎಂಟು ದಿನ ಬೇಕ್ರಿ. ಕಲತ ಮ್ಯಾಲೆ ನಾನ ಮನಿ ಹುಡುಕಿ ಕೊಡತೇನಿ. ಅಲ್ಲೀತನಕ ಒಂದೂ ಹೋಗಂಗಿಲ್ಲ."

"ಆ ಹಿತ್ತಲದಾಕಿ ನಿನಗ ಬಾಯಿ ಕಲಿಸ್ಯಾಳ!"

"ಹೌದ್ರಿ."

"ಚೀಲಾ ಕೊಡು."

"ಕೊಡಂಗಿಲ್ರಿ."

ಕಣ್ಣೊರೆಸಿಕೊಳ್ಳುತ್ತ ಹೋದರು. ಮತ್ತೆ ಬಂದಾರೆಂದು ನಾನು ಮಧ್ಯಾಹ್ನದವರೆಗೂ ಏಳಲಿಲ್ಲ. ಅವರು ಬರಲಿಲ್ಲ. ಸಂಜೆ ಹಿತ್ತಲಕ್ಕ ಬಂದಾಗ ಕುಳಿತ ಜಾಗವೆಲ್ಲ ಉರಿದು ನಾನು ನಿಲ್ಲಲೂ ಆಗದೆ, ಕೂರಲೂ ಆಗದೆ ತಿರುಗಾಡುತ್ತಿದ್ದೆ.

"ಖಾರದ ಚೀಲದ ಮ್ಯಾಲೆ ಕುಂತೀಯೇನ ಹುಚ್ಚೀ!" ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಮನೆಗೆ ಹೋಗಿ ಈ ಬಾಟಲಿ ತಂದುಕೊಟ್ಟಳು. "ಇಟ್ಕೋ. ಬಾಯಿ ಬಂದೈತಿ, ಇನ್ನ ಮ್ಯಾಲೆ ಬೇಕಾಗತೈತಿ."

ಬೇಕಾಯಿತು, ಬಹಳ ಸಲ. ನಿಮ್ಮ ತಾಯಿಯನ್ನು ಶಾಲೆ ಬಿಡಿಸುವ ಮಾತು ಬಂದಾಗಲೂ ನಾನು ಅಂದದ್ದು ಅದೇ ಒಂದು ಮಾತು, "ಬಿಡಂಗಿಲ್ರಿ." ಕರಿಮರಿಯ ತಂಗಿ ಉಳಿಯಲಿಲ್ಲ. ಬೇವಿನ ಗಿಡದ ಬುಡದಲ್ಲಿ ಮಣ್ಣು ಮಾಡಿದೆವು. ಎರಡು ಮರಿ ಹಲಗೇರಿಯ ಹೊಲದ ಮನೆಗೆ, ಒಂದು ನನ್ನ ತವರಿಗೆ ಹೋದವು. ಕರಿಮರಿಯನ್ನು ಹಿತ್ತಲಕ್ಕನೇ ಸಾಕಿದಳು. ಕೈ ತೊಳೆದು, ಎಣ್ಣೆ ತಿಕ್ಕಿ, ಆಮೇಲೂ ಅದನ್ನು ಮೊಣಕೈಯಿಂದಲೇ ಸವರುತ್ತಿದ್ದಳು.

ನಾನು ರಾಣೆಬೆನ್ನೂರಿಗೆ ಬಂದ ಮೇಲೆ ಹೋಗಿ ಬರುವುದು ಕಡಿಮೆಯಾಯಿತು. ಆಕೆ ಹೋದ ಸುದ್ದಿ ನನಗೆ ಮುಟ್ಟಿದ್ದು ಎಲ್ಲ ಮುಗಿದ ಮೇಲೆ. ಇಲ್ಲಿಂದ ಬ್ಯಾಡಗಿ ಏನು ದೂರ… ಮುಖ ನೋಡಲಾಗಲಿಲ್ಲ.

"ಹೋದದ್ದನ್ನ ಬಿಡಬೇಕವಾ," ಎಂದು ನಿಮ್ಮ ತಾಯಿ ಹೇಳುತ್ತಾಳೆ. ಬಿಡಂಗಿಲ್ಲ. ಮರಿಗಳಿಗಾದರೂ ಎಂಟು ದಿನ ಸಿಕ್ಕಿತ್ತು. ನನ್ನನ್ನು ಆಕೆಯಿಂದ ಹಗುರವಾಗಿ ಬಿಡಿಸುವವರು ಯಾರೂ ಇರಲಿಲ್ಲ. ಬಾಟಲಿಯನ್ನು ದೇವರ ಗೂಡಿನ ಪಕ್ಕ ಇಟ್ಟಿದ್ದೇನೆ. ವಾಸನೆ ಬಂದರೆ ಬರಲಿ, ಅದು ಅಲ್ಲೇ ಇರುತ್ತದೆ.