ಹೊಸತೊಡಕಿನ ದಿನದ ಹನಿಗಳು

ರತ್ನಮ್ಮ ಮೇಡಂ ಸೂಜಿಯ ತುದಿಗೆ ತೂಗುವ ಹನಿಯ ಜೊತೆ ಮಾತಾಡುತ್ತಿದ್ದರು. "ಬಾರಮ್ಮಾ, ಅವಸರ ಬೇಡ. ನಿಮ್ಮಕ್ಕ ಬಿದ್ದಂಗೇ ನೀನೂ ಬೀಳು." ಕ್ಯಾಲ್ಸಿಯಂ ನೀರಿಗೆ ಬಿದ್ದ ಹನಿ ತೆಳ್ಳನೆಯ ಪಾಲಿಮರ್ ಪೊರೆ ಕಟ್ಟಿಕೊಂಡು, ಔಷಧಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮೆಲ್ಲಗೆ ತಳಕ್ಕಿಳಿಯುತ್ತಿತ್ತು. ಸಾಸಿವೆಗಿಂತ ಸಣ್ಣದು. ನೋಡುತ್ತಾ ಕೂತರೆ ನನಗೂ ಅರೆನಿದ್ದೆ ಬಂದಂತಾಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಚಿಕ್ಕಬಳ್ಳಾಪುರದ ಫಾರ್ಮಸಿ ಕಾಲೇಜಿನಲ್ಲಿ ನಾವಿಬ್ಬರೂ ಮೇಷ್ಟರುಗಳು. ಹನಿಗಳು ಒಂದೇ ಗಾತ್ರ ಇರದಿದ್ದರೆ ಏನು ಗಂಟು ಹೋಗುತ್ತೆ ಎಂದು ರೇಗಿಸಿದ್ದೆ. ಅವರು ಶಿಡ್ಲಘಟ್ಟದ ರೇಷ್ಮೆ ಮನೆಯವರು.

"ಹುಳ ಒಂದು ಇವತ್ತು, ಒಂದು ನಾಳೆ ಪೊರೆ ಕಳಚಿ ಎದ್ರೆ ಬೆಳೆ ಕೈಗೆ ಹತ್ತುತ್ತೇನಮ್ಮಾ? ಇದೂ ಹಂಗೇ. ಸಣ್ಣದು ಬೇಗ ಔಷಧಿ ಬಿಟ್ಬಿಡುತ್ತೆ, ದಪ್ಪದ್ದು ತಡ. ನಮ್ ಸರೋಜಂಗೆ ದಿನವೆಲ್ಲಾ ಒಂದೇ ಸಮ ಸಿಗಬೇಕು."

ಸರೋಜ ಅವರ ತಂಗಿ. ಮೂರ್ಛೆ ರೋಗ. ರೇಷ್ಮೆಗೂಡು ಬೇಯುವ ಬಿಸಿನೀರಿಗೆ ಕೈಯಿಟ್ಟು ನೂಲು ತೆಗೆಯುವ ಕೆಲಸ. ಮಧ್ಯಾಹ್ನದ ಮಾತ್ರೆ ಮರೆತು ಒಮ್ಮೆ ಅಲ್ಲೇ ಬಿದ್ದು ಮೊಣಕೈವರೆಗೂ ಸುಟ್ಟುಕೊಂಡಿದ್ದಳು. ಬೆಳಿಗ್ಗೆ ನುಂಗಿದ್ದು ರಾತ್ರಿವರೆಗೂ ಕಾಯಬೇಕು, ಮೇಡಂ ಕನಸು ಅಷ್ಟೇ.

ಆದರೆ ಗುಡ್ಡದ ಕಡೆ ಬಂಡೆ ಸಿಡಿಸಿದರೆ ಸಾಕು, ಮೇಜು ನಡುಗಿ ಎರಡು ಹನಿ ಒಂದಾಗುತ್ತಿದ್ದವು. "ಹಾಳಾದೋರು!" ಎಂದು ಬೈದು ಮತ್ತೆ ಮೊದಲಿಂದ. ಕಡೆಗೆ ಯುಗಾದಿಯ ಮಾರನೆ ದಿನ, ಹೊಸತೊಡಕಿಗೆ ಕ್ವಾರಿಯವರೆಲ್ಲ ಬಾಡೂಟಕ್ಕೆ ಹೋದಾಗ, ಮೇಡಂ ಮನೆಯ ಮಟನ್ ಬಿಟ್ಟು ಲ್ಯಾಬಿಗೆ ಬಂದರು. ನನ್ನನ್ನೂ ಎಳೆತಂದರು. ಕಿಟಕಿಯಾಚೆ ಸ್ಕಂದಗಿರಿ ಬೆಟ್ಟ ಮಂಜಿನಲ್ಲಿ ಅಳಿಸಿಹೋಗಿತ್ತು. ಊರೇ ಸದ್ದಿಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹನಿಗಳೆಲ್ಲ ಒಂದೇ ಅಚ್ಚು! ಮೇಡಂ ಅತ್ತೇಬಿಟ್ಟರು, ನಾನೂ ಅತ್ತೆ.

ಮುಂದಿನ ವಾರ ಸರೋಜ ನೋಡಲು ಬಂದಳು. "ಅಕ್ಕಾ, ಒಂದು ಚಮಚ ಕೊಡೇ, ನುಂಗ್ಬಿಡ್ತೀನಿ."

"ಬೇಡ ಕಣೇ. ಇದು ಮೊದ್ಲು ಇಲಿಗೆ. ಮನುಷ್ಯರಿಗೆ ಬರೋಕೆ ವರ್ಷಗಟ್ಟಲೆ ಆಗುತ್ತೆ."

"ಅಲ್ಲೀಗಂಟ ನಾನಿರಬೇಕಲ್ಲ!" ಎಂದು ಸರೋಜ ನಕ್ಕಳು. ಮೇಡಂ ನಗಲಿಲ್ಲ.

ಬೇಸಿಗೆ ರಜಕ್ಕೆ ಮುಂಚೆ ಮೇಡಂ ಕಾಲೇಜಿನ ಕೆಲಸ ಬಿಟ್ಟರು. ನನಗೆ ಎಂಥಾ ಸಿಟ್ಟು! ಇಷ್ಟು ಮಾಡಿ ಈಗ ಕೈಬಿಡ್ತೀರಾ ಅಂತ ಜಗಳವಾಡಿದೆ. "ನೀನು ಮುಂದುವರಿಸು ಕಣಮ್ಮಾ" ಎಂದರು, ಅಷ್ಟೇ.

ಕಡೆಯ ಸಲ ಅವರನ್ನು ನೋಡಿದ್ದು ಶಿಡ್ಲಘಟ್ಟದಲ್ಲಿ. ನೂಲು ತೆಗೆಯುವ, ಹಬೆ ತುಂಬಿದ ಕೋಣೆ, ಸರೋಜಳ ಪಕ್ಕದಲ್ಲಿ ಅವರದ್ದೊಂದು ಸ್ಟೂಲು. ಇಲಿಗಳ ಮೇಲೆ ಪರೀಕ್ಷೆ ಶುರುವಾಯಿತೆಂದು ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಅವರೂ ಕಣ್ಣರಳಿಸಿ ಕೇಳುತ್ತಿದ್ದರು. ನಡುವೆಯೇ ಎದ್ದರು.

"ಒಂದ್ನಿಮಿಷ ಇರಮ್ಮಾ, ಮಧ್ಯಾಹ್ನ ಆಯ್ತು." ಮಾತ್ರೆ ಬಿಡಿಸಿ, ನೀರಿನ ಲೋಟ ಹಿಡಿದು ತಂಗಿಯ ಕಡೆ ಬಾಗಿದರು. "ಆ ಅನ್ನು."

ಬಿಸಿನೀರಿನಿಂದ ಕೈ ತೆಗೆಯದೆ ಸರೋಜ ಬಾಯಿ ತೆರೆದಳು.