ದೋಣಿ ಮಲಗ್ಯಾದ

ಸಾಬಣ್ಣ ಕಾಕಾ ಮದುವೆಗೆ ಹೋದರೆ ಅಕ್ಷತೆ ಹಾಕುತ್ತಿರಲಿಲ್ಲ. ಕೈಗೆ ಬಂದ ಅಕ್ಕಿಯನ್ನು ಹೆಂಡತಿ ಶರಣಮ್ಮನ ಮುಷ್ಟಿಗೆ ದಾಟಿಸಿ, ತನ್ನ ಎರಡೂ ಕೈಗಳನ್ನು ಟವೆಲ್ಲಿನೊಳಗೆ ಮುಚ್ಚಿಟ್ಟುಕೊಂಡು ಕೂರುತ್ತಿದ್ದ. ಅಂಗೈಯ ಗೆರೆ, ಬೆರಳ ಸಂದು, ಉಗುರಿನ ಬುಡ, ಎಲ್ಲೆಲ್ಲೂ ಡಾಂಬರು. ಸೀಮೆಎಣ್ಣೆ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿದರೂ ಹೋಗದ ಕಪ್ಪು. "ನಾ ಅಕ್ಕಿ ಒಗದ್ರ ಮದುಮಕ್ಕಳ ತಲಿ ಮ್ಯಾಲ ಎಳ್ಳ ಬಿದ್ದಂಗ ಆಗ್ತಾದ್ರಿ," ಎಂದು ತಾನೇ ನಗುತ್ತಿದ್ದ. ಆ ಕಪ್ಪು ಅವನ ದೋಣಿಯದ್ದು. ಅವನ ಮೈಯಿಂದ ಅದನ್ನು ಬಿಡಿಸಲು ಶರಣಮ್ಮನಿಗೂ ಆಗಿರಲಿಲ್ಲ, ಸಾಬೂನಿಗೂ ಆಗಿರಲಿಲ್ಲ.

ನಾನು ದೋರನಹಳ್ಳಿಯವಳು. ಕಾಲುವೆ ಗೊತ್ತು, ಬಾವಿ ಗೊತ್ತು. ದೋಣಿಯನ್ನು ಮಾತ್ರ ಪಠ್ಯಪುಸ್ತಕದ ಚಿತ್ರದಲ್ಲಷ್ಟೇ ಕಂಡಿದ್ದೆ. ಅಂಥವಳಿಗೆ ಸುರಪುರ ತಾಲ್ಲೂಕಿನಲ್ಲಿ, ಕೃಷ್ಣೆಯ ನಡುವೆ ಇರುವ ಒಂದು ಗಡ್ಡೆಯ ಶಾಲೆಗೆ ಕೆಲಸದ ಆದೇಶ ಬಂತು. ಗಡ್ಡೆಯೆಂದರೆ ಸುತ್ತ ನೀರು, ನಡುವೆ ಮೂವತ್ತು ಮನೆ, ಒಂದು ಗುಡಿ, ಎರಡು ಕೋಣೆಯ ಶಾಲೆ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಜಿಗಿದು ಹೋಗಬಹುದು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟರೆ ಸಾಬಣ್ಣನ ದೋಣಿಯೇ ಗತಿ. ನನಗಿಂತ ಮೊದಲು ಬಂದ ನಾಲ್ವರು ಮಾಸ್ತರರು ತಲಾ ಒಂದೊಂದು ಮಳೆಗಾಲ ಕಂಡು, ಬೇರೆ ಊರಿಗೆ ವರ್ಗ ಬರೆಸಿಕೊಂಡು ಹೋಗಿದ್ದರು. ಎರಡು ವರ್ಷ ಶಾಲೆಗೆ ಬೀಗವೇ ಬಿದ್ದಿತ್ತಂತೆ. ಹೀಗಾಗಿ ಮೊದಲ ದಿನ ಕಾಕಾ ನನ್ನನ್ನು ಕೇಳಿದ ಮೊದಲ ಪ್ರಶ್ನೆ ನನ್ನ ಹೆಸರಲ್ಲ.

"ಎಷ್ಟ ದಿನ ಇರ್ತೀರಿ ಅಕ್ಕೋರ?"

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅಂತಲೇ ಹೆಸರು. ನಾನು ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದು, "ಕಾಕಾ, ಇದು ಮುಳುಗಂಗಿಲ್ಲಲ್ಲ?" ಎಂದು ಕೇಳಿದೆ. ಕಾಕಾ ನೀರಿಗೆ ಊರುತ್ತಿದ್ದ ಗಳ ಅಲ್ಲೇ ನಿಂತಿತು.

"ಆ ಮಾತ ದಂಡಿ ಮ್ಯಾಲ ಬಿಟ್ಟ ಬರಬೇಕ್ರಿ ಅಕ್ಕೋರ. ದೋಣ್ಯಾಗ ಅದನ್ನ ಆಡಬಾರದು."

ಆ ಒಂದು ಮಾತನ್ನು ಅವನು ಆಡುತ್ತಿರಲಿಲ್ಲ, ಆಡಗೊಡುತ್ತಲೂ ಇರಲಿಲ್ಲ. ಸೂರ್ಯ ಕೂಡ ಅವನ ಬಾಯಲ್ಲಿ ಮುಳುಗುತ್ತಿರಲಿಲ್ಲ, 'ಇಳೀತಿದ್ದ'.

ದೋಣಿಯೆಂದರೆ ಆ ಭಾಗದ ಉಳಿದವರದ್ದರ ಹಾಗೆ ದುಂಡನೆಯ ತೆಪ್ಪವಲ್ಲ. ಹದಿನೆಂಟು ಮೊಳ ಉದ್ದ, ಇಬ್ಬರು ಮಗ್ಗುಲಿಗೆ ಮಗ್ಗುಲು ಕೂತರೆ ಮುಗಿಯುವಷ್ಟು ಅಗಲದ, ಹಲಗೆ ಜೋಡಿಸಿ ಮಾಡಿದ ಮರದ ದೋಣಿ. ಮಾಡಿಕೊಟ್ಟ ಬಡಿಗ ತೀರಿಹೋಗಿದ್ದ. ಅಂಥದ್ದನ್ನು ಕಟ್ಟುವವರು ಯಾದಗಿರಿಯಿಂದ ಶಹಾಪುರದವರೆಗೆ ಹುಡುಕಿದರೂ ಇರಲಿಲ್ಲ. ಇದು ಹೋದರೆ ಇನ್ನೊಂದಿಲ್ಲ ಎನ್ನುವುದು ಕಾಕಾನಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಹೆತ್ತ ಮಗಳಿಗೂ ಮಾಡದಷ್ಟು ಉಪಚಾರವನ್ನು ಅದಕ್ಕೆ ಮಾಡುತ್ತಿದ್ದ.

ಬೆಳಿಗ್ಗೆ ನಾನು ಸುರಪುರದ ಬಾಡಿಗೆ ಮನೆಯಿಂದ ಹೊರಟು, ಟಂಟಂ ಆಟೋದಿಂದ ಇಳಿದು ದಂಡೆಗೆ ಬರುವಷ್ಟರಲ್ಲಿ ಕಾಕಾ ದೋಣಿಯಲ್ಲಿ ಕೂತು, ಬಾಯಿ ಕತ್ತರಿಸಿದ ಎಣ್ಣೆ ಡಬ್ಬಿಯಿಂದ ನೀರು ತೋಡಿ ಹಾಕುತ್ತಿದ್ದ. ಎಷ್ಟು ಡಬ್ಬಿ ಎಂಬ ಲೆಕ್ಕ ತಪ್ಪುತ್ತಿರಲಿಲ್ಲ. "ಇವತ್ತ ಹನ್ನೊಂದ. ನಿನ್ನಿಗಿಂತ ಎರಡ ಹೆಚ್ಚ. ಎಲ್ಲ್ಯೋ ಬಾಯಿ ಬಿಟ್ಟಾದ," ಎಂದು ಜ್ವರದ ಕೂಸಿನ ಬಗ್ಗೆ ಹೇಳಿದ ಹಾಗೆ ಹೇಳುತ್ತಿದ್ದ. ಆಮೇಲೆ ಮೊಣಕಾಲೂರಿ ಒಂದೊಂದೇ ಸಂದಿಯ ಮೇಲೆ ಕಿರುಬೆರಳು ಎಳೆಯುತ್ತ ಹೋಗುತ್ತಿದ್ದ. ಸೋರುವ ಜಾಗ ಸಿಕ್ಕರೆ, ಹತ್ತಿಯನ್ನು ತೊಡೆಯ ಮೇಲೆ ಹೊಸೆದು, ಮೊಂಡ ಉಳಿಯಿಂದ ಸಂದಿಯೊಳಗೆ ಒತ್ತಿ, ಮೇಲೆ ಡಾಂಬರು ಸವರುತ್ತಿದ್ದ. ಇದೆಲ್ಲ ಮುಗಿಯುವವರೆಗೆ ಜಿಲ್ಲಾಧಿಕಾರಿ ಬಂದರೂ ಹತ್ತಿಸಿಕೊಳ್ಳುವ ಪೈಕಿ ಅಲ್ಲ.

"ದಿನಾ ಅದನ್ನೇ ಮಾಡ್ತಿ, ಬ್ಯಾಸರಾಗಂಗಿಲ್ಲೇನು ಕಾಕಾ?" ಎಂದು ಒಮ್ಮೆ ಕೇಳಿದೆ.

"ನೀವು ಹುಡುಗ್ರ ಕಾಪಿ ತಿದ್ದತೀರಲ್ರಿ, ಹಂಗ ಇದು. ಹ್ವಾದ ವರ್ಸ ಮಾಡಿದ ತಪ್ಪೇ ಈ ವರ್ಸನೂ ಮಾಡಿರ್ತಾವ. ಹಂಗಂತ ಹುಡುಗ್ರನ್ನ ಒಗೀತೀರೇನು?"

ಹೆದರುವವರನ್ನು ಸಂಭಾಳಿಸುವುದರಲ್ಲೂ ಅವನದ್ದೇ ಒಂದು ರೀತಿ. ಒಮ್ಮೆ ಶಾಲೆ ತಪಾಸಣೆಗೆ ಬಂದ ಸಾಹೇಬರು ಬೂಟು ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಕೂತರು. ಕಾಕಾ ಅವರ ಕೈಗೆ ಎಣ್ಣೆ ಡಬ್ಬಿ ಕೊಟ್ಟ. "ಸಾಹೇಬ್ರ, ಕೈ ಖಾಲಿ ಇದ್ರ ಅಂಜಿಕಿ ಬರ್ತಾದ. ಜರಾ ನೀರ ತೋಡ್ರಿ." ಅವತ್ತು ದೋಣಿಯಲ್ಲಿ ನೀರೇ ಇರಲಿಲ್ಲ. ಆದರೂ ಸಾಹೇಬರು ಆಚೆ ದಡ ಮುಟ್ಟುವವರೆಗೆ ಹಲಗೆ ಕೆರೆದಿದ್ದೇ ಕೆರೆದಿದ್ದು. ಇಳಿದ ಮೇಲೆ, ತಮ್ಮಿಂದಲೇ ದೋಣಿ ಉಳಿಯಿತು ಎನ್ನುವ ಹಾಗೆ ನಮ್ಮ ಕಡೆ ನೋಡಿದರು. ಕಾಕಾ ಗಂಭೀರವಾಗಿ ಕೈ ಮುಗಿದ.

ಹೀಗೆ ಎರಡು ವರ್ಷ ಕಳೆದವು. ನಾನು ಬೇರೆಲ್ಲಿಗೂ ಬರೆಸಿಕೊಳ್ಳಲಿಲ್ಲ. ಪ್ರತಿ ಜೂನಿನಲ್ಲಿ ನಾನು ಮತ್ತೆ ಬಂದದ್ದು ಕಂಡಾಗ ಕಾಕಾನ ಮುಖ ಅರಳುತ್ತಿತ್ತು.

ಮೂರನೇ ವರ್ಷದ ಬೇಸಿಗೆಯಲ್ಲಿ ನಾನು ಆ ಕೆಲಸ ಮಾಡಿದೆ.

ಏಪ್ರಿಲ್ಲಿನಲ್ಲಿ ಹೊಳೆ ಇಳಿದಾಗ ಕಾಕಾ ದೋಣಿಯನ್ನು ದಡಕ್ಕೆಳೆದು, ಹಳೆಯ ಡಾಂಬರು ಕೆರೆದು, ಹೊಸ ಹತ್ತಿ ತುಂಬಿ, ರಾಳ ಕೂಡಿಸಿ ಕುದಿಸಿದ ಡಾಂಬರು ಬಳಿಯುವುದನ್ನು ನೋಡಿದ್ದೆ. ಅದರ ಮುಂದಿನದು ನೋಡಿರಲಿಲ್ಲ. ಆ ಹೊತ್ತಿಗೆ ರಜೆ ಬಂದು ಊರಿಗೆ ಹೋಗಿರುತ್ತಿದ್ದೆ. ಆ ವರ್ಷ ಶಾಲೆಗೆ ಸುಣ್ಣ ಹೊಡೆಸಬೇಕಿದ್ದುದರಿಂದ ರಜೆಯ ಕೊನೆಯ ವಾರವೇ ಬಂದೆ. ಕಾಕಾ ಮತ್ತು ಶರಣಮ್ಮ ಮಗಳ ಎರಡನೇ ಹೆರಿಗೆಗೆಂದು ಕೊಂಕಲ್‌ಗೆ ಹೋಗಿದ್ದರು. ದೋಣಿ ಸಿದ್ಧವಾಯಿತೇ ಎಂದು ಫೋನಿನಲ್ಲಿ ಕೇಳಿದೆ.

"ಆಗ್ಯಾದ್ರಿ ಅಕ್ಕೋರ. ಈಗ ಮಲಗ್ಯಾದ. ನಾ ಬಂದ ಎಬ್ಬಸ್ತೀನಿ."

ಮಲಗಿದೆ ಎಂದರೆ ದಡದಲ್ಲಿ ಆರಾಮಾಗಿದೆ ಎಂದುಕೊಂಡೆ. ಮರುದಿನ ಕಲ್ಲು ದಾಟಿ ಗಡ್ಡೆಗೆ ಹೋಗುವಾಗ ನೋಡುತ್ತೇನೆ, ದಡದ ಮಡುವಿನಲ್ಲಿ ದೋಣಿ ಪೂರ್ತಿ ನೀರೊಳಗಿದೆ! ಅಂಚು ಮಾತ್ರ ಕಾಣುತ್ತಿದೆ. ಒಳಗೆ ದೊಡ್ಡ ದೊಡ್ಡ ಕಲ್ಲು ಹೇರಿದ್ದಾರೆ. ಯಾರೋ ಆಗದವರು, ಕಾಕಾ ಇಲ್ಲದ ಸಮಯ ನೋಡಿ ಹಾಳು ಮಾಡಿದ್ದಾರೆ ಎಂದೇ ಖಾತ್ರಿ ಮಾಡಿಕೊಂಡೆ. ಮಗಳ ಹೆರಿಗೆಯ ಹೊತ್ತಿನಲ್ಲಿ ಅವನಿಗೆ ಫೋನು ಮಾಡಿ ಗಾಬರಿಪಡಿಸುವುದು ಬೇಡ ಎಂಬ ಜಾಣತನ ಬೇರೆ. ಸುಣ್ಣ ಹೊಡೆಯಲು ರಾಮಸಮುದ್ರದಿಂದ ಬಂದಿದ್ದ ನಾಲ್ವರನ್ನು ಕರೆದೆ. ಅವರೂ ನನ್ನ ಹಾಗೆ ಹೊಳೆ ಅರಿಯದವರು. ಕಲ್ಲು ತೆಗೆದು ಹೊಳೆಗೆ ಎಸೆಸಿದೆ, ನೀರು ಖಾಲಿ ಮಾಡಿಸಿದೆ, ಹಗ್ಗ ಕಟ್ಟಿ ಎಳೆಸಿ ಬಂಡೆಯ ಮೇಲೆ ಬೋರಲು ಹಾಕಿಸಿದೆ. ಚೆನ್ನಾಗಿ ಒಣಗಲಿ ಎಂದು. ನಮ್ಮ ಕಡೆಯ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಗಡ್ಡೆಯ ಜನ ಕಂಡರು, ಸಾಬಣ್ಣನೇ ಹೇಳಿ ಎತ್ತಿಸಿರಬೇಕು ಎಂದು ಸುಮ್ಮನಾದರು.

ನಾಲ್ಕನೇ ದಿನ ಕಾಕಾ ಬಂದ. ಮೊಮ್ಮಗಳು ಹುಟ್ಟಿದ ಸಂತೋಷಕ್ಕೆ ಪೇಡೆ ತಂದಿದ್ದ. ನಾನು ಶಾಭಾಸ್‌ಗಿರಿಗೆ ಕಾದು ನಿಂತವಳ ಹಾಗೆ ದಂಡೆಯಲ್ಲೇ ಎದುರಾದೆ.

"ಕಾಕಾ, ಯಾರೋ ಕಲ್ಲ ತುಂಬಿ ದೋಣಿ ಮುಳುಗಿಸಿದ್ರು. ನಾ ಎತ್ತಿಸಿ ಒಣಗಸೀನಿ."

ಅವತ್ತು ಅವನು ಆ ಮಾತಿಗೂ ತಕರಾರು ಮಾಡಲಿಲ್ಲ. ದೋಣಿಯ ಸುತ್ತ ಒಂದು ಸುತ್ತು ಬಂದ. ಸಂದಿಯ ಮೇಲೆ ಕಿರುಬೆರಳು ಎಳೆದ. ಬೆರಳು ಒಳಗೆ ಹೋಯಿತು. ಎರಡು ಹಲಗೆ ಉದ್ದಕ್ಕೂ ಸೀಳಿದ್ದವು.

"ಕಲ್ಲ ಎಲ್ಲಿ ಇಟ್ಟೀರಿ?"

"ಹೊಳಿಗೆ ಒಗಸಿದೆ."

"ಛಲೋ ಕಲ್ಲ ಇದ್ವು," ಎಂದು ಅಲ್ಲೇ ಬಂಡೆಯ ಮೇಲೆ ಕೂತ. ಮೆಲ್ಲಗೆ ಹೇಳಿದ. "ಯಾರೂ ಅಲ್ರಿ ಅಕ್ಕೋರ. ನಾನೇ ಮಲಗಿಸಿದ್ದೆ. ಬ್ಯಾಸಗ್ಯಾಗ ಕಟಗಿ ಒಣಗಿ ಸಂದಿ ಬಿಟ್ಟಿರ್ತಾದ. ನೀರಾಗ ಇಟ್ಟು, ಏಳದಂಗ ಕಲ್ಲ ಹೇರಬೇಕು. ಹದಿನೈದ ದಿನ ನೀರ ಕುಡದ್ರ ಕಟಗಿ ಉಬ್ಬತಾದ, ಸಂದಿ ತಾವೇ ಮುಚ್ಚಕೋತಾವ."

ಅವನು ನೆನೆಹಾಕಿದ್ದನ್ನು ಅರ್ಧಕ್ಕೇ ತೆಗೆದು ನಾನು ಬಿಸಿಲಿಗೆ ಹಾಕಿದ್ದೆ. ಅರ್ಥವಾದ ಕೂಡಲೇ, ದೊಡ್ಡ ಹೆಂಗಸು, ಹತ್ತು ಜನಕ್ಕೆ ಬುದ್ಧಿ ಹೇಳುವವಳು, ಬಿಕ್ಕಿ ಬಿಕ್ಕಿ ಅತ್ತೆ.

"ಅಳಬ್ಯಾಡ್ರಿ. ನೀರ ದೋಣ್ಯಾಗ ಬೇಕಿತ್ತು, ನಿಮ್ಮ ಕಣ್ಣಾಗಲ್ಲ," ಎಂದ ಕಾಕಾ. ಪೇಡೆಯ ಡಬ್ಬಿ ನನ್ನ ಕೈಗಿಟ್ಟ. "ಯಾರ ಮುಂದನೂ ಹೇಳಬ್ಯಾಡ್ರಿ. ಲೆಕ್ಕ ತಪ್ಪಿ ನಾನೇ ಜಲ್ದಿ ಎತ್ತಸಿದೆ ಅಂತೀನಿ."

ಬೇಡ ಎನ್ನಬೇಕಿತ್ತು. ಅನ್ನಲಿಲ್ಲ.

ಮರುದಿನ ಶಾಲೆಯ ಮುಂದೆಯೇ ಗಡ್ಡೆಯ ಹಿರಿಯ ಭೀಮರಾಯಪ್ಪ ಅವನನ್ನು ತಡೆದು ನಿಲ್ಲಿಸಿ ಝಾಡಿಸಿದ. "ಮೂವತ್ತ ವರ್ಸ ದೋಣಿ ನಡಸಿ ಬುದ್ಧಿ ಎಲ್ಲಿಟ್ಟಿದ್ದಿಲೇ ಸಾಬ್ಯಾ? ನೆನಿಯೂದ್ರಾಗ ಎತ್ತಿ ಬಿಸಲಿಗೆ ಹಾಕ್ತಾರೇನಲೇ ಯಾರರ? ಮಂದಿ ಹ್ಯಾಂಗ ದಾಟಬೇಕು?" ಕಾಕಾ ತಲೆ ತಗ್ಗಿಸಿ ನಿಂತಿದ್ದ. ನಾನು ಬಾಗಿಲಲ್ಲಿ ಸೀಮೆಸುಣ್ಣ ಹಿಡಿದು ನಿಂತು ಕೇಳಿಸಿಕೊಂಡೆ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೊಳೆಗೆ ನೀರು ಬರುವ ಮೊದಲು ಕಾಕಾ ಒಂದು ಹಲಗೆಯನ್ನು ಬೇವಿನದ್ದು ಮಾಡಿ ಕೂರಿಸಿದ, ಇನ್ನೊಂದಕ್ಕೆ ತಗಡು ಬಡಿದ. ದೋಣಿಯನ್ನು ಮತ್ತೆ ನೀರಲ್ಲಿ ಮಲಗಿಸಿದ; ಈ ಸಲ ಕಲ್ಲು ಹೊತ್ತು ತಂದವಳು ನಾನು. ದೋಣಿಯೇನೋ ಓಡಿತು. ಆದರೆ ಹನ್ನೊಂದು ಡಬ್ಬಿ ನೀರು ಮೂವತ್ತಕ್ಕೆ ಏರಿತು. ಅಂದಿನಿಂದ ನೀರು ತೋಡುವ ಕೆಲಸ ನನ್ನದು. ಸುರಪುರದಿಂದ ಅರ್ಧ ತಾಸು ಮೊದಲೇ ಹೊರಡುತ್ತಿದ್ದೆ. "ಅಕ್ಕೋರ ರಟ್ಟಿ ಗಟ್ಟಿ ಆದ್ವು, ಇನ್ನ ಹುಡುಗ್ರ ಗತಿ ಏನೋ," ಎಂದು ಕಾಕಾ ಎಲ್ಲರೆದುರು ಚೇಷ್ಟೆ ಮಾಡುತ್ತಿದ್ದ. ನಾನೂ ನಗುತ್ತಿದ್ದೆ, ಒಳಗೊಳಗೇ ಹಿಂಡಿಹೋಗುತ್ತಿದ್ದೆ.

ಎರಡು ಮಳೆಗಾಲ ಹಾಗೆ ನಡೆಯಿತು. ಮೂರನೆಯದರಲ್ಲಿ, ಹೊಳೆ ತುಂಬಿದ ಒಂದು ಬೆಳಿಗ್ಗೆ, ತಗಡಿನ ಸಂದಿಯಿಂದ ನೀರು ಚಿಮ್ಮುವುದನ್ನು ನೋಡಿ ಕಾಕಾ ಹತ್ತಿದವರನ್ನೆಲ್ಲ ಇಳಿಸಿದ. "ಇನ್ನ ಇದರಾಗ ಮಂದಿ ಹತ್ತಸಂಗಿಲ್ಲ," ಎಂದ. ಅವತ್ತೇ ದೋಣಿಯನ್ನು ತನ್ನ ಮನೆಯ ಮುಂದಕ್ಕೆ ಎಳೆಸಿದ. ತೆಪ್ಪ ತಂದ. ಆದರೆ ಅದರ ಮೇಲೆ ಅವನಿಗೆ ಪ್ರೀತಿಯೇ ಹುಟ್ಟಲಿಲ್ಲ. "ತಿರಗತಾದ್ರಿ ಇದು. ಈ ಕಡಿ ಅಂದ್ರ ಆ ಕಡಿ ಹೋಗ್ತಾದ," ಎನ್ನುತ್ತಿದ್ದ. ಹೊಸಬರು ಯಾರಾದರೂ ಮನೆ ಮುಂದಿನ ದೋಣಿ ತೋರಿಸಿ ಏನಾಯಿತೆಂದು ಕೇಳಿದರೆ, ನಾನು ಪಕ್ಕದಲ್ಲಿದ್ದರೂ ಅದೇ ಮಾತು. "ಒಂದ ವರ್ಸ ನಾನೇ ಜಲ್ದಿ ಎತ್ತಸಿದ್ದೆ." ಕೇಳಿದವರು ಲೊಚಗುಟ್ಟುತ್ತಿದ್ದರು. ತಾನು ಕಸುಬಿನಲ್ಲಿ ತಪ್ಪಿದೆ ಎಂದು ಹೇಳಿಕೊಳ್ಳುವುದು ಅಂಥ ಕಸುಬುಗಾರನಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು.

ಹೋದ ಚಳಿಗಾಲದಲ್ಲಿ ಕಾಕಾನಿಗೆ ಕಾಮಾಲೆಯಾಯಿತು. ರೋಗ ತಿಳಿಯುವಷ್ಟರಲ್ಲಿ ತಡವಾಗಿತ್ತು. ಹದಿನೈದು ದಿನವೂ ಹಿಡಿಯಲಿಲ್ಲ.

ಅವನು ತೀರಿಕೊಂಡ ಮೂರನೇ ದಿನ ಮನೆಗೆ ಹೋದೆ. ಅಂಗಳದಲ್ಲಿ ಶರಣಮ್ಮ, ಭೀಮರಾಯಪ್ಪ, ನಾಲ್ಕಾರು ನೆರೆಯವರು ಕೂತಿದ್ದರು. ನಾನು ಕೂತದ್ದೇ ತಡ, ಭೀಮರಾಯಪ್ಪ ದೋಣಿಯ ಕಡೆ ನೋಡಿ, "ಆ ವರ್ಸ ಸಾಬ್ಯಾ ಇದನ್ನ ಜಲ್ದಿ ಎತ್ತಸ್ಲಿಲ್ಲಂದ್ರ ಇವತ್ತಿಗೂ ಓಡ್ತಿತ್ತು," ಎಂದ.

ಸತ್ತ ಮೇಲೂ ಅವನ ತಲೆಯ ಮೇಲೆ ನನ್ನ ತಪ್ಪು. ನನಗೆ ತಡೆಯಲಾಗಲಿಲ್ಲ.

"ಕಾಕಾ ಎತ್ತಸಿಲ್ರಿ. ಎತ್ತಸಿದಾಕಿ ನಾನು. ತಿಳೀದ ಹಾಳ ಮಾಡಿದಾಕಿ ನಾನು."

ಯಾರೂ ಬೆಚ್ಚಿಬೀಳಲಿಲ್ಲ. ಶರಣಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಗೊತ್ತದ ಅಕ್ಕೋರ. ಎಲ್ಲಾರಿಗೂ ಗೊತ್ತದ. ಕೊಂಕಲ್‌ದಿಂದ ಬಂದ ದಿನಾನೇ ಮನಿ ಮನಿಗೆ ಹೋಗಿ ಹೇಳಿ ಬಂದಿದ್ದ. 'ಅಕ್ಕೋರು ತಿಳೀದ ಮಾಡ್ಯಾರ. ಮಂದಿ ಆಡಕೊಂಡ್ರ ನಾಚಿ ಬ್ಯಾರೆ ಊರಿಗೆ ಬರಸಕೊಂಡ ಹೋಗ್ತಾರ, ಸಾಲಿಗೆ ಮತ್ತ ಕೀಲಿ ಬೀಳ್ತಾದ. ನಾನೇ ಮಾಡೀನಿ ಅನ್ರಿ' ಅಂತ."

ನಾನು ಭೀಮರಾಯಪ್ಪನ ಮುಖ ನೋಡಿದೆ. ಮುದುಕನ ಕಣ್ಣು ತುಂಬಿದ್ದವು.

"ಈಗೂ ನೀವು ಬಂದ್ರಿ ಅಂತೇ ಆ ಮಾತ ತಗದೇನ್ರಿ," ಎಂದ. "ಅವತ್ತ ಸಾಲಿ ಮುಂದ ಬೈಯಿ ಅಂದಾವನೂ ಅವನೇ. ನಾ ಬೈದು ಮನಿಗೆ ಬಂದ್ರ, ಹಿಂದೇ ಬಂದು ಜಗಳಕ್ಕ ನಿಂತ. 'ಇನ್ನಾ ಜರಾ ಜೋರಲೇ ಬೈಬೇಕಿತ್ತೋ ಮಾರಾಯಾ, ಅಕ್ಕೋರಿಗೆ ನಂಬಿಕಿ ಬಂದಂಗ ಕಾಣಲಿಲ್ಲ' ಅಂತ."